ಕ್ಲಾರಿಯ ಖೈದಿ

ಅಡಿಲೇಡಿನ ಪಾರಿವಾಳದವರು ಪಂದ್ಯದ ಹಕ್ಕಿಗಳನ್ನು ಉತ್ತರದ ಮರುಭೂಮಿಯಲ್ಲಿ ಬಿಟ್ಟರೆ, ಅವು ನಮ್ಮ ಕ್ವಾರ್ನ್ ಊರಿನ ಮೇಲೆಯೇ ದಕ್ಷಿಣಕ್ಕೆ, ತಮ್ಮ ಮನೆಗೆ ಹಾರಿ ಹೋಗುತ್ತವೆ. ಸೆಪ್ಟೆಂಬರಿನ ಆ ಶನಿವಾರ ಧೂಳುಗಾಳಿ ಎದ್ದಿತ್ತು. ಭಾನುವಾರ ಬೆಳಿಗ್ಗೆ ಕೋಳಿಗಳಿಗೆ ಗೋಧಿ ಹಾಕುತ್ತಿದ್ದಾಗ ನೋಡಿದರೆ, ಅವುಗಳ ನಡುವೆ ಬೂದುಬಣ್ಣದ ಒಂದು ಹೆಣ್ಣು ಪಾರಿವಾಳ ನಿಂತಿತ್ತು. ಕಾಲಲ್ಲಿ ಪಂದ್ಯದ ಹಕ್ಕಿಗೆ ಹಾಕುವ ಉಂಗುರವಿತ್ತು.

ಅಡುಗೆಮನೆಯ ಕಿಟಕಿಯಲ್ಲಿ ಗಾಲಿಕುರ್ಚಿ ಹಾಕಿಕೊಂಡು ಕೂತಿದ್ದ ನನ್ನ ಗಂಡ ಕ್ಲಾರಿ ಅದನ್ನು ಆಗಲೇ ಕಂಡಿದ್ದ. ಅವನಿಗೆ ಲಕ್ವ ಹೊಡೆದು ಆರು ವರ್ಷ. ಸಾಕಿದ್ದ ನಲವತ್ತು ಪಾರಿವಾಳಗಳನ್ನೂ ಆಗಲೇ ಮಾರಿದ್ದ. ನನ್ನನ್ನು ಮಾತ್ರ ಉಳಿಸಿಕೊಂಡ.

"ಓಡಿಸ್ಬೇಡ ಕಣೇ ನೋಲೀನ್! ಆ ಕೋಳಿ ಪೆಟ್ಟಿಗೆ ಮಗುಚಿ ಕಡ್ಡಿ ಆನಿಸು. ಕಡ್ಡಿಗೆ ದಾರ ಕಟ್ಟಿ ನನ್ನ ಕೈಗೆ ಕೊಡು."

"ನಿನ್ನ ಕೈಗಾ? ಅದ್ರಲ್ಲಿ ಚಮಚಾನೇ ನಿಲ್ಲಲ್ಲ."

"ಬಾಯಿ ಮುಚ್ಕೊಂಡು ಕೊಡೇ ಮುದುಕಿ."

ಒಂದು ಗಂಟೆ ಉಸಿರು ಬಿಗಿಹಿಡಿದು ಕೂತ. ಹಕ್ಕಿ ಗೋಧಿಯ ಹಿಂದೆ ಪೆಟ್ಟಿಗೆಯ ಕೆಳಗೆ ಹೋದದ್ದೇ ತಡ, ದಾರ ಎಳೆದ. ಪೆಟ್ಟಿಗೆ ಬಿತ್ತು. ಅವನು ನಕ್ಕ ಸದ್ದು ಕೇಳಿ ನನಗೂ ಖುಷಿಯಾಯಿತು, ಸುಳ್ಳು ಹೇಳಲಾರೆ.

ರೆಕ್ಕೆಯ ಮೇಲೆ ಮಾಲೀಕನ ಫೋನ್ ನಂಬರಿನ ಮುದ್ರೆ ಇತ್ತು. ಅಡಿಲೇಡಿನವನು, ಡೆಸ್ ಅಂತ ಹೆಸರು. ಫೋನ್ ಮಾಡಿದೆ.

"ದಾರೀಲಿ ಇಳಿದುಬಿಟ್ಟಿದ್ಯಾ? ಕತ್ತು ತಿರುವಿಬಿಡಿ ಅಕ್ಕಾ," ಅಂದ. "ತಾನಾಗೇ ಮನೆಗೆ ಬಂದ್ರೂ ನಾನು ಮಾಡೋದು ಅದನ್ನೇ. ಇಳಿಯೋ ಹಕ್ಕಿ ನಂಗೆ ಬೇಡ."

"ಸರಿಯಾಗೇ ಹೇಳಿದಾನೆ. ನಾನಾಗಿದ್ರೂ ಅಷ್ಟೇ," ಅಂದ ಕ್ಲಾರಿ. ಆಮೇಲೆ ಪೆಟ್ಟಿಗೆಯ ಕಡೆ ನೋಡಿ, "ಆದ್ರೆ ಕೊಲ್ಬೇಡ. ಖೈದಿ ಮಾಡ್ಕೊಳ್ಳೋಣ," ಅಂದ.

ಪಾರಿವಾಳದವರು ಬೇರೆಯವರ ಮನೆಯ ಹಕ್ಕಿಯನ್ನು ಇಟ್ಟುಕೊಂಡರೆ ಅದಕ್ಕೆ ಖೈದಿ ಎನ್ನುತ್ತಾರೆ. ಎಷ್ಟೇ ಚೆನ್ನಾಗಿ ಸಾಕಿದರೂ ಬಾಗಿಲು ತೆಗೆದ ದಿನ ಅದು ತನ್ನ ಮನೆಗೇ ಹೋಗುತ್ತದೆ. ಅದಕ್ಕೇ ಸಾಯುವವರೆಗೂ ಬಾಗಿಲು ತೆಗೆಯುವುದಿಲ್ಲ.

ಅವನ ಹಳೆಯ ಪಾರಿವಾಳದ ಗೂಡು ಹಿತ್ತಲಲ್ಲಿ ಖಾಲಿ ಬಿದ್ದಿತ್ತು; ಅದರಲ್ಲಿ ಮೂರು ವಾರ ಕೂಡಿಹಾಕಿದೆವು. ಹಕ್ಕಿ ದಿನವಿಡೀ ದಕ್ಷಿಣದ ಜಾಲರಿಯ ಉದ್ದಕ್ಕೂ ಈ ಮೂಲೆಯಿಂದ ಆ ಮೂಲೆಗೆ ನಡೆಯುತ್ತಿತ್ತು. ನಾನು ಕ್ಲಾರಿಗೆ ಸ್ನಾನ ಮಾಡಿಸಿ, ಗಡ್ಡ ಹೆರೆದು, ಉಣ್ಣಿಸುತ್ತಿದ್ದೆ. ಅಂಗಡಿಗೆ ಹೋಗಿ ಬರಲು ನಲವತ್ತು ನಿಮಿಷ ದಾಟಿದರೆ, "ಎಲ್ಲಿ ಸತ್ತಿದ್ದೆ?" ಎಂದು ರೇಗುತ್ತಿದ್ದ. ಟಾಸ್ಮೇನಿಯಾದಿಂದ ಒಂದು ವರ್ಷದ ಮಟ್ಟಿಗೆ ಇಲ್ಲಿನ ರೈಲ್ವೆ ಕ್ಯಾಂಟೀನಿಗೆ ಬಂದವಳು ನಾನು. ಮೂವತ್ತನಾಲ್ಕು ವರ್ಷವಾಯಿತು.

ಆ ನಡಿಗೆಯನ್ನು ನೋಡಲಾಗದೆ ಒಂದು ಬೆಳಿಗ್ಗೆ ಹೋಗಿ ಗೂಡಿನ ಬಾಗಿಲು ತೆಗೆದುಬಿಟ್ಟೆ. ಹಕ್ಕಿ ನಮ್ಮ ತಗಡಿನ ಮಾಡಿನ ಮೇಲೆ ಎರಡು ಸುತ್ತು ಹಾಕಿ ನೇರವಾಗಿ ಡೆಸ್ ಇದ್ದ ದಿಕ್ಕಿಗೆ ಹೋಯಿತು.

ಕ್ಲಾರಿ ಕಿಟಕಿಯಿಂದ ಎಲ್ಲ ನೋಡಿದ. "ಅವನು ಕತ್ತು ತಿರುವ್ತಾನೆ ಅಂತ ಗೊತ್ತಲ್ಲ ನಿಂಗೆ?"

"ಗೊತ್ತು."

"ಗೊತ್ತಿದ್ದೂ ಬಿಟ್ಯಾ?"

"ಅದಕ್ಕೆ ಗೊತ್ತಿದ್ರೂ ಹೋಗ್ತಿತ್ತು, ಕ್ಲಾರಿ."

ಅವನು ಖಾಲಿ ಗೂಡಿನ ಕಡೆ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, "ನೀನೂ ಹೋಗ್ತೀಯಾ?" ಅಂದ.

ನಾನು ನಿಜವಾಗಿಯೂ ಯೋಚಿಸಿದೆ. ಅಮ್ಮನ ಮನೆ ಮಾರಿಯಾಗಿತ್ತು. ತಂಗಿ ಮನೆ ಬದಲಿಸಿದ್ದಳು, ಹೊಸ ವಿಳಾಸವನ್ನು ನಾನು ಕೇಳಿರಲೇ ಇಲ್ಲ. ಬಾಗಿಲು ತೆರೆದಿದ್ದರೂ ಯಾವ ಕಡೆಗೆ ಹಾರಬೇಕೆಂದೇ ನನಗೆ ತಿಳಿಯಲಿಲ್ಲ.

"ನಾನೆಲ್ಲಿಗೆ ಹೋಗ್ಲಿ?" ಅಂದೆ.

ಅವನು ಅದನ್ನು ಪ್ರೀತಿ ಎಂದುಕೊಂಡ. ಮುಖ ಅರಳಿತು. ಆ ಮುಖ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

"ಹಸಿವಾಗ್ತಿದೆ ಕಣೇ," ಅಂದ.

ನಾನು ಸೂಪು ಬಿಸಿಮಾಡಲು ಒಳಗೆ ಹೋದೆ.