ಕಿವಿ ಮೇಸ್ತ್ರಿ ಮತ್ತು ಕರೆಂಟಿನ ಕಾರು

ಕಿವಿ ಮೇಸ್ತ್ರಿ ಸಾಮಾನ್ಯ ಆಸಾಮಿಯಲ್ಲ. ಕಾರ್ಖಾನೆಯಲ್ಲಿ ಎಂಜಿನ್ ಕೆಮ್ಮಿದರೆ, ಮನೆಯಲ್ಲಿ ಉಣ್ಣುತ್ತಿದ್ದವನು ತುತ್ತು ಬಿಟ್ಟು "ಮೂರನೇ ಸಿಲಿಂಡರು" ಅನ್ನುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ. ರೋಗ ತಾನಾಗಿ ಬಾಯಿ ಬಿಡುತ್ತಿತ್ತು. ಹೀಗೆ ಮೂವತ್ತು ವರ್ಷದಲ್ಲಿ ಮೂವತ್ತು ಕೋಟಿ ಎಂಜಿನ್. ಒಂದೆರಡು ಕಡಿಮೆಯಿದ್ದರೆ ತಗಾದೆ ಬೇಡ.

ಆದರೆ ಎದುರು ರಸ್ತೆಯ ಕಂಪನಿ ಕರೆಂಟಿನ ಕಾರು ಬಿಟ್ಟಿತು. ಎಪ್ಪತ್ತು ವರ್ಷ ಎಂಜಿನ್ ತೋರಿಸಿ ತೊಡೆ ತಟ್ಟಿದ್ದ ಶತ್ರು ಎಂಜಿನ್ನನ್ನೇ ಎತ್ತಿ ಎಸೆದಿತ್ತು. ಬುಡಕ್ಕೆ ಬೆಂಕಿ ಬಿದ್ದವರಂತೆ ಈ ಕಡೆ ಮೇಸ್ತ್ರಿಯ ಕಂಪನಿಯವರೂ ಅಂಥದೇ ಒಂದು ಕಾರು ಮಾಡಿದರು, ಎಂಜಿನ್ ವಿಭಾಗಕ್ಕೆ ಬೀಗವೆಂದು ಸಾರಿದರು. ಕಷ್ಟವೇನೆಂದರೆ, ಶತ್ರುವಿನ ಕಾರು ಬೆಕ್ಕಿನಂತೆ ಹೋಗುತ್ತಿತ್ತು. ಇವರದು ಸೊಳ್ಳೆಯಂತೆ ಕಿವಿ ಕೊರೆಯುತ್ತಿತ್ತು.

"ಭಾವ, ಆ ಸದ್ದು ಎಲ್ಲಿಂದ ಅಂತ ಹಿಡಿದುಕೊಡು," ಎಂದ ಹೆಂಡತಿಯ ತಮ್ಮ, ಹೊಸ ವಿಭಾಗದ ಮೇಲ್ವಿಚಾರಕ. "ನಮ್ಮ ವಿಭಾಗದಲ್ಲಿ ಒಂದೇ ಜಾಗ ಖಾಲಿ ಇರೋದು. ನಿನಗೋಸ್ಕರ ಕತ್ತು ಕೊಟ್ಟಿದ್ದೀನಿ."

"ಹೋಗೋಲೇ! ನೀನು ಚಡ್ಡಿ ಹಾಕೋದು ಕಲಿಯೋಕೆ ಮುಂಚೆ ನಾನು ಎಂಜಿನ್ ಜೊತೆ ಹರಟೆ ಹೊಡೀತಿದ್ದೆ."

ಸದ್ದು ಪರೀಕ್ಷಿಸಲೆಂದು ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆ. ಚಕ್ರ ಕಳಚಿದ ಕಾರು ಸ್ಟ್ಯಾಂಡಿನ ಮೇಲಿತ್ತು. ಎಂಜಿನಿಯರ್ ಹುಡುಗಿ ಸ್ವಿಚ್ಚು ಹಾಕಿದವಳೇ ಹಲ್ಲು ಜುಮ್ಮೆಂದವಳಂತೆ ಮುಖ ಹಿಂಡಿದಳು.

ಮೇಸ್ತ್ರಿಗೆ ಏನೂ ಕೇಳಿಸಲಿಲ್ಲ.

ಸಣ್ಣ ಸದ್ದುಗಳನ್ನೆಲ್ಲ ಆ ಮೂವತ್ತು ಕೋಟಿ ಎಂಜಿನ್‌ಗಳು ತಿಂದು ತೇಗಿದ್ದವು. ವರ್ಷದಿಂದ ಫೋನಿನ ಗಂಟೆ ಕೇಳದಿದ್ದಾಗ ಅವನು ಫೋನನ್ನೇ ಬೈದಿದ್ದ. ಈಗ ಸ್ಕ್ರೂಡ್ರೈವರನ್ನು ಮೋಟಾರಿಗೆ ಒತ್ತಿದ, ಅದು ಅದುರುತ್ತಿತ್ತು. ಮೋಟಾರೋ, ತನ್ನ ಕೈಯೋ? ಕಳ್ಳಗಣ್ಣಿನಿಂದ ಹುಡುಗಿಯ ಮುಖ ನೋಡಿದ. ಅವಳು ಫಲಕದತ್ತ ತಿರುಗಿದ್ದಳು.

"ಬಲಗಡೆ ಬೇರಿಂಗು," ಎಂದ, ಊಹೆಯ ಮೇಲೆ.

"ಈಗ ಹೇಗಿದೆ ಸಾರ್?" ಎಂದಳು ಅವಳು, ಸ್ವಿಚ್ಚೊಂದನ್ನು ಒತ್ತಿ.

ಮೇಸ್ತ್ರಿ ಕಣ್ಣು ಮುಚ್ಚಿ ತಲೆ ತೂಗಿದ. "ಸ್ವಲ್ಪ ತಗ್ಗಿದೆ. ಆದ್ರೂ ಕೊರೀತಾನೇ ಇದೆ, ದರಿದ್ರದ್ದು."

ಭಾವಮೈದ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟ.

"ಭಾವ, ಅದು ಆಫ್ ಆಗಿದೆ."

ಹಳೇ ಎಂಜಿನ್ ನಿಂತರೆ ಹೆಣಕ್ಕೂ ಎಚ್ಚರವಾಗುತ್ತಿತ್ತು. ಇದು ಬದುಕಿದ್ದಾಗಲೂ ಹೇಳಲಿಲ್ಲ, ಸತ್ತಾಗಲೂ ಹೇಳಲಿಲ್ಲ.

"ಇನ್ನೊಂದ್ಸಲ ಹಾಕಮ್ಮ," ಎಂದ ಮೇಸ್ತ್ರಿ, ಹಿಡಿಯನ್ನು ಕಿವಿ ನೋಯುವಷ್ಟು ಒತ್ತಿಕೊಂಡು. "ಒಂದೇ ಸಲ. ಕೈ ಮುಗೀತೀನಿ."

ಅವಳು ಹಾಕಿದಳೋ ಇಲ್ಲವೋ, ಅವನಿಗೆ ತಿಳಿಯಲಿಲ್ಲ.