ಕರಗದ ಹೆಂಟೆ

"ಏಯ್ ಲೌಡಿ, ಎದ್ದೇಳೇ ಮ್ಯಾಕೆ! ನಿಮ್ಮಪ್ಪ ಕಟ್ಟಿಸ್ತಾ ಇರೋ ಮಂಟಪ ಅನ್ಕಂಡ್ಯಾ, ಹಿಂಗೆ ಕುಕ್ಕರಿಸಕ್ಕೆ?"

ರಾಜೇಂದ್ರಗೌಡನ ಅಬ್ಬರಕ್ಕೆ ಕಂಬಿ ಕಟ್ಟುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಲಕ್ಷ್ಮಿದೇವಮ್ಮ ಏಳಲಿಲ್ಲ. ಬೆಳಗಿನಿಂದ ಮಣ್ಣು ಹೊತ್ತಿದ್ದ ಬಾಂಡ್ಲಿಯನ್ನು ಬೋರಲು ಹಾಕಿ ಅದರ ಮೇಲೆ ಕೂತೇ ಇದ್ದಳು. ಅವಳ ಮುಂದೆ ಜೆಸಿಬಿಯ ಹಲ್ಲು, ಬೆನ್ನ ಹಿಂದೆ ಮೂರು ಕಲ್ಲು.

"ನಾನು ಎದ್ರೆ ಅವನು ಕಲ್ಲು ಮೀಟ್ತಾನೆ ಗೌಡ್ರೇ. ನಾನು ಏಳಾಕಿಲ್ಲ."

"ಮೀಟ್ಲಿ ಅಂತ್ಲೇ ಕರ್ಸಿರೋದು. ನಾಳೆ ಕಾಂಕ್ರೀಟ್ ಲಾರಿ ಬತ್ತದೆ. ಸಂಪತ್ತು, ಏನ್ಲಾ ನೋಡ್ತಾ ನಿಂತೀಯ? ನಡ್ಸೋ ಬೋಳಿಮಗನೇ!"

ಜೆಸಿಬಿ ಓಡಿಸುವ ಸಂಪತ್ ಆಗಲೇ ಇಳಿದು ದೂರ ಹೋಗಿ ನಿಂತಿದ್ದ. ಹತ್ತು ನಿಮಿಷದ ಹಿಂದೆ ಅವನು ಎತ್ತಿದ ಮಣ್ಣಲ್ಲಿ ಅರ್ಧ ತಲೆಬುರುಡೆ ಬಂದಿತ್ತು, ಜೊತೆಗೆ ಕರೀ ಬಳೆಯ ಚೂರು.

"ನನ್ ಕೈಲಿ ಆಗಲ್ಲ ಸಾರ್. ಹೆಂಗಸಿನ ಹೆಣ ಅದು."

ಹೇರೋಹಳ್ಳಿ ಬೆಂಗಳೂರಿನ ಹೊಟ್ಟೆಗೆ ಹೋಗಿ ಎಷ್ಟೋ ವರ್ಷವಾಯಿತು. ಹೊಲ ಹೋಯಿತು, ತೋಪು ಹೋಯಿತು, ಎಲ್ಲ ಸೈಟಾಯಿತು. ಕೆರೆ ಪಕ್ಕದ ಈ ಜಾಗ ಮಾತ್ರ ಯಾರ ಬಾಯಿಗೂ ಪೂರ್ತಿ ಸಿಕ್ಕಿರಲಿಲ್ಲ. ಒಂದು ಕಡೆ ಚನ್ನರಾಯಸ್ವಾಮಿ ಗುಡಿ, ಇನ್ನೊಂದು ಕಡೆ ಕಾಲೋನಿಯವರ ಮಸಾಣ, ನಡುವೆ ಮೂರು ವೀರಗಲ್ಲು. ಕಲ್ಲಲ್ಲಿ ಕತ್ತಿ ಹಿಡಿದವನೊಬ್ಬ, ಅವನ ಕಾಲ ಬಳಿ ದನ, ಮೇಲೆ ಸತ್ತವನನ್ನು ಎತ್ತಿಕೊಂಡು ಹೋಗುವ ಹೆಂಗಸರು. ಕಾಲೋನಿಯವರಿಗೆ ಆ ವಿವರವೆಲ್ಲ ಬೇಡ. ಅವು ಅಪ್ಪಂದಿರು, ಅಷ್ಟೇ. ಹೆಣವನ್ನು ಅವುಗಳ ಕಡೆ ಮುಖ ಮಾಡಿ ಕೂರಿಸಿ ಮಣ್ಣು ಮಾಡುತ್ತಿದ್ದರು, ಹಿರಿಯರ ಹಬ್ಬಕ್ಕೆ ಬಾಡು, ಹೆಂಡ ಎಡೆ ಇಡುತ್ತಿದ್ದರು. ಈಗ ದೇವಸ್ಥಾನದ ಟ್ರಸ್ಟಿಗೆ ಅಲ್ಲೇ ಕಲ್ಯಾಣ ಮಂಟಪ ಬೇಕಾಗಿದೆ. ಕಲ್ಲು ಒಡೆದು ಬುನಾದಿಗೆ ಹಾಕಿ ಎಂದು ಟ್ರಸ್ಟಿನ ಅಧ್ಯಕ್ಷ ರಾಜೇಂದ್ರಗೌಡನ ಅಪ್ಪಣೆಯಾಗಿತ್ತು.

ಬುರುಡೆಯ ಫೋಟೊವನ್ನು ಕಾಲೋನಿಯ ಯಾರೋ ಎಲ್ಲಿಗೋ ಕಳಿಸಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಹಳೇ ಕಲ್ಲುಗಳನ್ನು ನೋಡಿಕೊಳ್ಳುವ ಇಲಾಖೆಯಿಂದ ಶುಭಾ ಮೇಡಂ ಬಂದರು. ಕಾಲಿಗೆ ಶೂ, ಕೈಯಲ್ಲಿ ಫೈಲು. ಕಲ್ಲುಗಳ ಮುಂದೆ ಮಂಡಿಯೂರಿ ಕೂತು ಬಹಳ ಹೊತ್ತು ನೋಡಿದರು.

"ಎಂಟುನೂರು ವರ್ಷನಾದ್ರೂ ಆಗಿರುತ್ತೆ. ಮೊದಲಿಂದ ಇಲ್ಲೇ ಇದ್ದಿದ್ರೆ ಸುತ್ತಮುತ್ತ ಒಂದು ಗುದ್ದಲಿ ಬೀಳೋ ಹಾಗಿಲ್ಲ. ಬೇರೆ ಕಡೆಯಿಂದ ತಂದು ನಿಲ್ಲಿಸಿದ್ದು ಅಂತಾದ್ರೆ ಮಾತ್ರ ಕೀಳಬಹುದು."

"ತಂದು ಹಾಕಿರೋದೇ ಮೇಡಂ," ಎಂದ ರಾಜೇಂದ್ರಗೌಡ, ಈಗ ಬಾಯಿಗೆ ಬೆಣ್ಣೆ ಸವರಿಕೊಂಡು. "ಈ ಜಾಗ ಪೂರ್ತಿ ಗುಡಿದು. ದಾಖಲೆ ಐತೆ. ಆಚಾರ್ರೇ, ಆ ಮಹಜರು ತನ್ನಿ."

ಅರ್ಚಕ ವೆಂಕಟಗಿರಿ ಆಚಾರ್ ಹೊಸ ಗರ್ಭಗುಡಿಯ ಹೊಸಿಲಲ್ಲಿ ನಿಂತು ಹಳೇ ಕಾಗದವೊಂದನ್ನು ಬಿಡಿಸಿದರು. ಮೂವತ್ತು ವರ್ಷದ ಹಿಂದಿನ ಪಂಚಾಯಿತಿ. ಗಡಿ ಮಸಾಣದಾಚೆಯ ಹುಣಸೆಮರದಿಂದ ಶುರು ಎಂದು ಊರ ಕುಳುವಾಡಿ ಚಿಕ್ಕಮುನಿಯ ಎಂಬುವನು ಹೆಂಟೆ ಹೊತ್ತು ನಡೆದು ತೋರಿಸಿದ್ದಾನೆ. ಕಲ್ಲು ಗಡಿಯದಲ್ಲ, ಬೇರೆ ಕಡೆಯಿಂದ ತಂದು ನಿಲ್ಲಿಸಿದ್ದು ಎಂದೂ ಬರೆದಿದೆ. ಆ ಲೆಕ್ಕದಲ್ಲಿ ಕಲ್ಲಿನ ಜಾಗವೂ ಗುಡಿಯದು, ಮಸಾಣವೂ ಗುಡಿಯದು. ಕೆಳಗೆ ಹೆಬ್ಬೆಟ್ಟು.

ಈ ಚಿಕ್ಕಮುನಿಯನೇ ಲಕ್ಷ್ಮಿದೇವಮ್ಮನ ಅಪ್ಪ. ಅವಳು ಕಾಗದ ನೋಡಲೆಂದು ಮೆಟ್ಟಿಲ ಕಡೆ ಹೋದಳು.

"ಅಲ್ಲೇ ನಿಲ್ಲು, ಅಲ್ಲೇ ನಿಲ್ಲು! ಮಡೀಲಿದೀನಿ," ಎಂದು ಆಚಾರ್ ಎರಡು ಹೆಜ್ಜೆ ಹಿಂದೆ ಸರಿದರು. "ನಿಮ್ಮಪ್ಪನ ಹೆಬ್ಬೆಟ್ಟು ಅಲ್ಲೀಂದ್ಲೇ ಕಾಣುತ್ತೆ."

ಹೋದ ವರ್ಷ ಇದೇ ಗರ್ಭಗುಡಿಯ ಒಳಕ್ಕೆ ಇಟ್ಟಿಗೆ ಹೊತ್ತವಳು ಅವಳೇ. ದೇವರನ್ನು ಕೂರಿಸುವ ದಿನ ಬೆಳಿಗ್ಗೆ ನೆಲ ಸಾರಿಸಿದ್ದೂ ಅವಳೇ. ಸಾರಿಸಿ ಮುಗಿಸಿದ ಕೂಡಲೇ ಇನ್ನು ಹೊರಗೆ ಹೋಗು ಅಂದಿದ್ದರು. ಈಗ ಅಪ್ಪನ ಹೆಬ್ಬೆಟ್ಟನ್ನು ಅವಳು ಬಿಸಿಲಲ್ಲಿ ನಿಂತು, ಕಣ್ಣು ಕಿರಿದು ಮಾಡಿಕೊಂಡು ನೋಡಿದಳು.

"ಹೆಂಟೆ ಹೊರೋದು ಅಂದ್ರೇನಮ್ಮ?" ಎಂದರು ಮೇಡಂ.

ಆ ಮೇಡಂಗೆ ಪಾಪ ಹೇಗೆ ಗೊತ್ತಿರಬೇಕು. ಕುಳುವಾಡಿಯನ್ನು ಮುಟ್ಟಿದರೆ ಮೈಲಿಗೆ. ಆದರೆ ಗಡಿ ಜಗಳ ಬಂದರೆ ಊರಿಗೆಲ್ಲ ಅವನೇ ಬೇಕು. ತಲೆಗೆ ನೀರು ಹುಯ್ದುಕೊಂಡು, ಗಡಿಯ ಮಣ್ಣಿನ ಹೆಂಟೆಯೊಂದನ್ನು ತಲೆ ಮೇಲಿಟ್ಟುಕೊಂಡು ಬರಿಗಾಲಲ್ಲಿ ನಡೆಯಬೇಕು. ಮಾತಾಡುವ ಹಾಗಿಲ್ಲ, ತಿರುಗಿ ನೋಡುವ ಹಾಗಿಲ್ಲ, ದಾರಿ ಬಳಸುವ ಹಾಗಿಲ್ಲ. ಸುಳ್ಳು ನಡೆದರೆ ಹೆಂಟೆ ತಲೆ ಮೇಲೇ ಒಡೆಯುತ್ತದೆ. ನಡೆಯುವವನನ್ನು ತಡೆದು ಬೇರೆಯವರು ಬೀಳಿಸಿದರೆ ಬೀಳಿಸಿದವನ ಮನೆತನ ಹಾಳು. ನಡೆದು ಮುಗಿದ ಮೇಲೆ ಹೆಂಟೆಯನ್ನು ಎಲ್ಲರ ಮುಂದೆ ನೆಲಕ್ಕೆ ಹಾಕಿ ಪುಡಿ ಮಾಡಬೇಕು. ಅಲ್ಲಿಗೆ ಗಡಿ ಕಾಯಂ.

ಅವತ್ತು ಲಕ್ಷ್ಮಿದೇವಮ್ಮನಿಗೆ ಹದಿನಾಲ್ಕು. ಅಪ್ಪ ಹುಣಸೆಮರದಿಂದ ನಡೆದದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಕಲ್ಲಿಂದ ಅಲ್ಲ, ಹುಣಸೆಮರದಿಂದ! ಕಾಲೋನಿಯ ಮಕ್ಕಳಿಗೂ ಗೊತ್ತಿತ್ತು ಅದು ಸುಳ್ಳೆಂದು. ಈಗ ಒಡೆಯುತ್ತದೆ, ಈಗ ಒಡೆಯುತ್ತದೆ ಎಂದು ಎಲ್ಲ ಕಾದರು. ಒಡೆಯಲಿಲ್ಲ. ಕೊನೆಗೆ ನೆಲಕ್ಕೆ ಹಾಕಿದಾಗ ಅದು ಠಣ್ ಅಂತು. ಮಣ್ಣು ಯಾವತ್ತಾದರೂ ಠಣ್ ಅನ್ನುತ್ತದೆಯೇ? ಆ ಸದ್ದು ಎಲ್ಲರ ಕಿವಿಗೂ ಬಿತ್ತು, ಒಬ್ಬನೂ ಪಿಟ್ಟೆನ್ನಲಿಲ್ಲ. ದೊಡ್ಡಗೌಡ, ಅಂದರೆ ರಾಜೇಂದ್ರನ ಅಪ್ಪ, ಮೀಸೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡ.

"ಎತ್ತಿದ ಕೂಡ್ಲೇ ಗೊತ್ತಾಯ್ತು ಕಣವ್ವ," ಎಂದಿದ್ದ ಅಪ್ಪ ಆಮೇಲೆ. "ಅವ್ರ ಕೊಟ್ಟಿಗೇಲಿ ಕಲ್ಸಿ ಮಡಗಿದ್ರು. ನಡೀದಿದ್ರೆ ಇಡೀ ಕೇರೀಗೆ ಬೆಂಕಿ ಇಡ್ತೀನಿ ಅಂದ ಆವಯ್ಯ."

ಹೆಂಟೆಯನ್ನು ಟವಲ್ಲಿನಲ್ಲಿ ಸುತ್ತಿ ಮನೆಗೆ ತಂದ. ಪ್ರತಿ ಅಮಾವಾಸ್ಯೆ ಬಕೆಟ್ ನೀರಲ್ಲಿ ಅದನ್ನು ಮುಳುಗಿಸಿಟ್ಟು ಪಕ್ಕದಲ್ಲಿ ಕೂರುತ್ತಿದ್ದ, ಇವತ್ತಾದರೂ ಕರಗೀತು ಅಂತ. ನೀರು ತಿಳಿಯಾಗೇ ಇರುತ್ತಿತ್ತು. ಸಾಯುವ ಕಾಲಕ್ಕೆ ಹಾಸಿಗೆಯಲ್ಲಿ ಎರಡೂ ಕೈ ತಲೆ ಮೇಲೆತ್ತಿ ಏನನ್ನೋ ಹಿಡಿದುಕೊಂಡಿದ್ದ. "ಭಾರ, ಇಳಿಸ್ರೋ, ಯಾರಾರ ಇಳಿಸ್ರೋ" ಎಂದು ಮೂರು ದಿನ ಕೂಗಿದ. ಇಳಿಸಲು ಅಲ್ಲಿ ಏನಿತ್ತು? ಸತ್ತ ಮೇಲೂ ಆ ಕೈ ಮಡಚಲು ಬರಲಿಲ್ಲ, ಹಾಗೇ ಕೂರಿಸಿ ಮಣ್ಣು ಮಾಡಿದರು. ಮುಂದಿನ ಅಮಾವಾಸ್ಯೆ ಲಕ್ಷ್ಮಿದೇವಮ್ಮ ನೋಡುತ್ತಾಳೆ, ತಾನೇ ಬಕೆಟ್ ತುಂಬಿಸಿಕೊಂಡು ಹೆಂಟೆಯ ಮುಂದೆ ಕೂತಿದ್ದಾಳೆ! ಯಾರೂ ಹೇಳಿರಲಿಲ್ಲ. ಆರು ವರ್ಷದಿಂದ ಒಂದು ಅಮಾವಾಸ್ಯೆಯೂ ತಪ್ಪಿರಲಿಲ್ಲ.

ಈಗ ಅವಳು ಕಾಲೋನಿಗೆ ಓಡಿಹೋಗಿ ಅದನ್ನು ಸೆರಗಲ್ಲಿ ಕಟ್ಟಿ ತಂದಳು. ಮೇಡಂ ಮುಂದೆ ಸಿಮೆಂಟು ನೆನೆಸುವ ತೊಟ್ಟಿಗೆ ಹಾಕಿದಳು.

"ನೋಡಿ ಮೇಡಂ. ಮೂವತ್ತು ವರ್ಷದಿಂದ ನೆನೀತಾ ಐತೆ ಈ ಮಣ್ಣು."

ಮೇಡಂ ಅದನ್ನು ಎತ್ತಿ ಬೀಗದ ಕೈಯಿಂದ ಕೆರೆದರು. ಬೂದಿ ಬಣ್ಣದ ಗೆರೆ ಬಿತ್ತು. ಅವರ ಮುಖ ಕಪ್ಪಿಟ್ಟಿತು. "ಇದು ಸಿಮೆಂಟು."

ರಾಜೇಂದ್ರಗೌಡ ಕಿಸಕ್ಕನೆ ನಕ್ಕ. "ಗಾರೆ ಕೆಲ್ಸದೋಳ ಮನೇಲಿ ಸಿಮೆಂಟ್ ಸಿಗ್ದೆ ಚಿನ್ನ ಸಿಗ್ತದಾ ಮೇಡಂ?"

"ಸುಮ್ನಿರಿ ನೀವು," ಎಂದರು ಮೇಡಂ. ಆಮೇಲೆ ಲಕ್ಷ್ಮಿದೇವಮ್ಮನ ಕಡೆ ತಿರುಗಿ ದನಿ ತಗ್ಗಿಸಿದರು. "ನಾನು ನಂಬ್ತೀನಮ್ಮ. ಆದ್ರೆ ಫೈಲಲ್ಲಿ ಏನಂತ ಬರೀಲಿ? ಆ ಕಡೆ ಮಹಜರಿದೆ, ಹೆಬ್ಬೆಟ್ಟಿದೆ. ಈ ಕಡೆ ಏನಿದೆ?"

"ನಾನಿವ್ನಿ."

"ಅಂದ್ರೆ?"

"ನಾನು ನಡೀತೀನಿ. ನೀವು ಬರ್ಕಳಿ."

"ಥೂ, ಹೆಂಗಸು ಹೆಂಟೆ ಹೊರೋದುಂಟಾ?" ರಾಜೇಂದ್ರಗೌಡ ಕ್ಯಾಕರಿಸಿ ಉಗಿದ. "ಮೂರು ಹೊತ್ತೂ ಮುಟ್ಟು ಮೈಲ್ಗೆ ನಿಮ್ಗೆ!"

"ಮಣ್ಣು ಹೊರಕ್ಕೆ ಹೆಂಗಸ್ರು ಬೇಕು. ಹೆಂಟೆ ಹೊರಕ್ಕೆ ಬ್ಯಾಡ್ವಾ? ನಮ್ಮಪ್ಪಂಗೆ ಗಂಡುಮಕ್ಳಿಲ್ಲ ಗೌಡ್ರೇ. ನಾನೇ ಕುಳುವಾಡಿ."

ಮೇಡಂ ಮೊಬೈಲ್ ತೆಗೆದು ವಿಡಿಯೊ ಒತ್ತಿದರು.

ಲಕ್ಷ್ಮಿದೇವಮ್ಮ ಚಪ್ಪಲಿ ಬಿಟ್ಟಳು. ತೊಟ್ಟಿಯಿಂದ ಒಂದು ಬಕೆಟ್ ನೀರೆತ್ತಿ ಸೀರೆ ಸಮೇತ ತಲೆಗೆ ಹುಯ್ದುಕೊಂಡಳು. ಮೂರು ಕಲ್ಲಪ್ಪಂದಿರಲ್ಲಿ ನಡುವಿನವನ ಬುಡದಲ್ಲಿ ಕೈಯಾರೆ ಬಗೆದು, ಹುಲ್ಲಿನ ಬೇರು ಹಿಡಿದುಕೊಂಡಿದ್ದ ಕರೀ ಮಣ್ಣಿನ ಹೆಂಟೆಯನ್ನು ಕಿತ್ತು ತಲೆ ಮೇಲಿಟ್ಟುಕೊಂಡಳು. ಕಲ್ಲಿಂದ ಹೊರಟು ನೆಟ್ಟಗೆ ಕೆರೆಯ ತೂಬಿಗೆ. ಇದು ಗಡಿ. ಆ ಕಡೆ ದೇವರದು, ಈ ಕಡೆ ಸತ್ತವರದು. ಹಳೇ ಗುಡಿ ಈ ಗೆರೆಗೆ ಎಷ್ಟೋ ದೂರದಲ್ಲಿತ್ತು. ಹೋದ ವರ್ಷ ಕಟ್ಟಿದ ಹೊಸ ಗರ್ಭಗುಡಿ ಸರಿಯಾಗಿ ಗೆರೆಯ ಮೇಲೇ ಕೂತಿತ್ತು.

ಅವಳು ನಡೆದಳು. ಜಲ್ಲಿ ರಾಶಿ ಬಂತು, ಬಳಸಲಿಲ್ಲ, ಹತ್ತಿ ಇಳಿದಳು. ಕಂಬಿಯ ಸಾಲು ಬಂತು, ಸೀರೆ ಸಿಕ್ಕಿ ಪರ್ರನೆ ಹರಿಯಿತು, ಮೊಣಕಾಲು ತರಚಿ ರಕ್ತ ಬಂತು. ಹಿಂದಿನಿಂದ ಯಾರೋ ಬರುವ ಸದ್ದಾಗುತ್ತಿತ್ತು. ಮೇಡಂ ಇರಬೇಕು ಅಂದುಕೊಂಡಳು. ಆದರೆ ಅದು ಶೂ ಸದ್ದಲ್ಲ. ಬರಿಗಾಲಿನ ಸದ್ದು. ಒಂದಲ್ಲ, ನಾಲ್ಕಾರು ಜನರದು. ಸಂಪತ್ತಾಗಲಿ, ಕಾಲೋನಿಯವರಾಗಲಿ ಇರಲಾರರು, ಅವರೆಲ್ಲ ಎದುರಿಗೇ ಬಾಯಿ ಬಿಟ್ಟುಕೊಂಡು ನಿಂತಿದ್ದರು. ತಿರುಗಿ ನೋಡುವ ಹಾಗಿರಲಿಲ್ಲ, ನೋಡಲಿಲ್ಲ.

ಮೆಟ್ಟಿಲ ಹತ್ತಿರ ಬಂದಾಗ ರಾಜೇಂದ್ರಗೌಡನಿಗೆ ವಿಷಯ ತಲೆಗೆ ಹೋಯಿತು. "ಏಯ್, ಏಯ್! ಒಳೀಕ್ ಹೋಗ್ತಾವ್ಳೆ, ಹಿಡೀರೋ ಮುಂಡೇನ!" ಎಂದು ಓಡಿಬಂದು ಕೈ ಎತ್ತಿದ. ಹೆಂಟೆಗೆ ಗೇಣುದ್ದದಲ್ಲಿ ಕೈ ನಿಂತುಬಿಟ್ಟಿತು. ಎಷ್ಟಾದರೂ ಅದೇ ಊರಿನವನು. ಮನೇಲಿ ಬಸುರಿ ಸೊಸೆ ಇದ್ದಳು.

"ಸಂಪತ್ತು, ಬಾರ್ಲಾ, ತಳ್ಳೋ ಅವ್ಳನ್ನ!"

"ನೀವೇ ಮುಟ್ಟಿ ಸಾರ್," ಎಂದ ಸಂಪತ್, ಇದ್ದಲ್ಲಿಂದಲೇ.

ಲಕ್ಷ್ಮಿದೇವಮ್ಮ ಮೆಟ್ಟಿಲು ಹತ್ತಿದಳು. ಹೊಸಿಲಲ್ಲಿ ಆಚಾರ್. ಮಹಜರನ್ನು ಎದೆಗೆ ಒತ್ತಿಕೊಂಡಿದ್ದರು. "ಮಡಿ, ಮಡಿ! ದೂರ ಹೋಗೇ! ಅಪಚಾರ ಕಣೇ, ಸರ್ವನಾಶ ಆಗೋಗ್ತೀಯ!" ಅವಳು ಬಾಯಿ ಬಿಡುವ ಹಾಗಿಲ್ಲ, ಪಕ್ಕಕ್ಕೆ ಸರಿಯುವ ಹಾಗಿಲ್ಲ. ಒಂದು ಹೆಜ್ಜೆ ಇಟ್ಟಳು. ಆಚಾರ್ ಒಂದು ಹೆಜ್ಜೆ ಹಿಂದೆ ಹೋದರು. ಇನ್ನೊಂದು ಇಟ್ಟಳು, ಅವರು ಇನ್ನೊಂದು ಹೋದರು. ಹೊಸಿಲು ದಾಟಿದ್ದಾಯಿತು. ಒಳಗೆ ಎಣ್ಣೆ ದೀಪ, ಕರ್ಪೂರದ ಹೊಗೆ, ಇಕ್ಕಟ್ಟು. ಹೆಂಟೆಯಿಂದ ಇಳಿದ ಕೆಸರು ನೀರು ಅವಳ ಹಣೆಯಿಂದ ಕಣ್ಣಿಗೆ, ಕಣ್ಣಿಂದ ಸಾರಿಸಿದ ನೆಲಕ್ಕೆ ತೊಟ್ಟಿಕ್ಕಿತು. ಒಡೆದಿರಲಿಲ್ಲ. ಹಿಂದೆ ಬರಿಗಾಲುಗಳು ಹೊಸಿಲು ದಾಟಿದ್ದು ಅವಳಿಗೆ ಕೇಳಿಸಿತು, ಆಚಾರ್ ಅವಳ ಹೆಗಲಾಚೆ ಏನನ್ನೋ ನೋಡಿ ಬಾಯಿ ತೆರೆದವರು ಮುಚ್ಚಲೇ ಇಲ್ಲ.

ಅವರ ಬೆನ್ನು ದೇವರಿಗೆ ತಾಗಿತು. ಇನ್ನು ಹಿಂದೆ ಹೋಗಲು ಜಾಗವಿರಲಿಲ್ಲ.

ತೂಬು ಇನ್ನೂ ದೇವರ ಬೆನ್ನ ಹಿಂದಿತ್ತು. ಲಕ್ಷ್ಮಿದೇವಮ್ಮ ಮುಂದಿನ ಹೆಜ್ಜೆಗೆ ಕಾಲೆತ್ತಿದಳು.