ಕೂಸಿನ ಪಾಲಿನ ಹಾಲು

ಬೆಂಗೇರಿಯ ಮುರುಗೆಪ್ಪ ಯಾರಿಗೂ ಅಂಜುವ ಆಸಾಮಿಯಲ್ಲ ಎಂದು ಕಂಡವರೆಲ್ಲ ಹೇಳುತ್ತಿದ್ದರು. ಹಳೇ ಹುಬ್ಬಳ್ಳಿಯಲ್ಲಿ ಅವನದು ಕಾಳಿನ ಅಂಗಡಿ. ತೂಕದಲ್ಲಿ ಕೈಚಳಕ ತೋರಿಸಿದವನನ್ನು ಮಂದಿಯ ನಡುವೆ ನಿಲ್ಲಿಸಿ ಬೆವರಿಳಿಸುವ ಗಟ್ಟಿಗ. ಅಂಥವನು, ಮೂತ್ರಕೋಶದಲ್ಲಿ ಗಡ್ಡೆ ಇದೆ, ಮೂತ್ರದ ದಾರಿಯಿಂದಲೇ ದುರ್ಬೀನು ಹಾಕಿ ಕೆರೆದು ತೆಗೆಯಬೇಕು ಎಂದು ಧಾರವಾಡದ ಡಾಕ್ಟರು ಹೇಳಿದ ದಿನ ಮನೆಗೆ ಬಂದು ಲಿಂಗಪೂಜೆಗೆ ಕೂತವನು ಎಷ್ಟು ಹೊತ್ತಾದರೂ ಏಳಲಿಲ್ಲ. ವಿಭೂತಿ ಹಚ್ಚಿದ ಹಣೆಯಿಂದ ಬೆವರು ಇಳಿಯುತ್ತಿತ್ತು.

ಅದನ್ನು ಕಂಡವಳು ಮಗಳು ಭಾಗ್ಯಶ್ರೀ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಮಗ್ಗುಲಲ್ಲಿ ಗಂಡುಕೂಸನ್ನು ಮಲಗಿಸಿಕೊಂಡು ಬೆಚ್ಚಗಿರಬೇಕಾದ ದಿನಗಳಲ್ಲಿ ಅವಳ ಕೈಕಾಲು ತಣ್ಣಗಾದವು. ಅಪ್ಪನ ಧೋತರದ ಮೇಲೆ ಅವ್ವ ಸಂಗವ್ವ ರಕ್ತದ ಕಲೆ ಕಂಡಂದಿನಿಂದಲೂ ಅವಳಿಗೆ ಹೆದರಿಕೆ ಇತ್ತು. ಅಪ್ಪನೂ ಹೆದರಿದ್ದಾನೆ ಎಂದು ಗೊತ್ತಾದ ಮೇಲೆ ಅದು ಎದೆಯ ಮೇಲೆ ಹತ್ತಿ ಕೂತಿತು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಸುಮ್ಮನೆ ಕೂರುವ ಪೈಕಿಯಲ್ಲ. ಕೂಸಿಗೆ ಹಾಲೂಡಿಸುತ್ತಲೇ ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಹುಡುಕಿದಳು. ಹುಡುಕಿದವರಿಗೆ ಮೊಬೈಲು ಏನನ್ನಾದರೂ ಕೊಟ್ಟೇ ಕಳಿಸುತ್ತದೆ. ಎದೆಹಾಲಿನಲ್ಲಿ ಒಂದು ಪ್ರೋಟೀನು ಇದೆಯಂತೆ. ಅದನ್ನು ಒಂದು ಕೊಬ್ಬಿನ ಆಮ್ಲದ ಜೊತೆ ಕೂಡಿಸಿದರೆ ಗಡ್ಡೆಯ ಕಣಗಳನ್ನು ಕೊಲ್ಲುತ್ತದಂತೆ, ಒಳ್ಳೆಯ ಕಣಗಳನ್ನು ಬಿಡುತ್ತದಂತೆ. ದೂರದ ದೇಶಗಳಲ್ಲಿ ಮೂತ್ರಕೋಶದ ಗಡ್ಡೆಯವರಿಗೇ ಕೊಟ್ಟು ನೋಡಿದ್ದಾರೆ, ಗಡ್ಡೆಯ ಕಣಗಳು ಮೂತ್ರದಲ್ಲಿ ಉದುರಿ ಬಂದಿವೆ. ಹೇಗೆ ಕೊಟ್ಟರು ಎಂಬ ಸಾಲನ್ನು ಅವಳು ಓದಿದ್ದಳು, ಆದರೆ ಹೆದರಿದ ಕಣ್ಣಿಗೆ ಬೇಕಾದದ್ದಷ್ಟೇ ಕಾಣುತ್ತದೆ.

ಸಂಗವ್ವನಿಗೆ ಹೇಳಿದರೆ ಅವಳಿಗೆ ಇದು ಹೊಸ ಮಾತೇ ಅಲ್ಲ. ಕಣ್ಣು ಬಂದರೆ, ಕಿವಿ ನೊಂದರೆ ಬಾಣಂತಿಯರ ಮನೆಗೆ ಹೋಗಿ ಎದೆಹಾಲು ಬೇಡಿ ತಂದು ಹನಿ ಬಿಡುತ್ತಿದ್ದ ಕಾಲದವಳು. ಮನೆಯಲ್ಲೇ ಇಟ್ಟುಕೊಂಡು ಇಷ್ಟು ದಿನ ಸುಮ್ಮನಿದ್ದೆವಲ್ಲ ಎಂದು ಮರುಗಿದಳು. ಗಂಡನಿಗೆ ಮಾತ್ರ ತಿಳಿಯಬಾರದು, ತಿಳಿದರೆ ಸತ್ತರೂ ಕುಡಿಯಲಿಕ್ಕಿಲ್ಲ ಎಂದು ಮಗಳಿಗೆ ತಾಕೀತು ಮಾಡಿದಳು. ಮರುದಿನದಿಂದ ಪೂಜೆ ಮುಗಿಸಿ ಎದ್ದ ಮುರುಗೆಪ್ಪನ ಕೈಗೆ ಅರಿಶಿನ ಕದಡಿದ ಹಾಲಿನ ಸಣ್ಣ ಬಟ್ಟಲು ಬಂತು. ಕುಡಿದು ಮುಗಿಸುವ ತನಕ ಸಂಗವ್ವ ಎದುರೇ ನಿಂತಿರುತ್ತಿದ್ದಳು.

ಆಪರೇಷನ್ನಿಗೆ ಇನ್ನೂ ವಾರವಿರುವಾಗ ಮುರುಗೆಪ್ಪ ಬಚ್ಚಲಿನಿಂದ ಹೊರಗೆ ಬಂದು, ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಅಂದ.

"ರಕ್ತ ನಿಂತೈತಿ. ಇನ್ನ ಯಾವ ಔಷಧಾನೂ ಬ್ಯಾಡ, ಏನೂ ಬ್ಯಾಡ."

ಸಂಗವ್ವ ಗೋಡೆಗೆ ಆತು ನಿಂತು ಅತ್ತಳು. ಭಾಗ್ಯಶ್ರೀಯೂ ಅತ್ತಳು. ಕೂಸನ್ನು ಎತ್ತಿ ಮುತ್ತಿಟ್ಟು, ನಿನ್ನ ಪಾಲಿನಿಂದ ನಿಮ್ಮಜ್ಜ ಬದುಕಿದ ಎಂದು ಅದರ ಕಿವಿಯಲ್ಲಿ ಹೇಳಿದಳು. ಆಪರೇಷನ್ ಬೇಡ ಎಂದು ಮುರುಗೆಪ್ಪನೇ ಫೋನು ಮಾಡಿಸಿದ. ಗುಣ ಕಂಡ ಮೇಲೆ ಮದ್ದು ಬಿಡುವುದುಂಟೇ? ಸಂಗವ್ವ ಸಣ್ಣ ಬಟ್ಟಲನ್ನು ಒಳಗಿಟ್ಟು ದೊಡ್ಡದನ್ನು ತೆಗೆದಳು.

ಕೂಸಿನ ಪಾಲಿಗೆ ಕಷ್ಟ ಬಂದದ್ದು ಅಲ್ಲಿಂದ. ಕುಡಿದು ಮುಗಿಸಿದ ಮೇಲೂ ಅದು ಬಾಯಿ ಚಪ್ಪರಿಸುತ್ತ ಹುಡುಕುತ್ತಿತ್ತು, ಸಿಗದಿದ್ದಾಗ ಕೆಂಪಗಾಗಿ ಅಳುತ್ತಿತ್ತು. ಹಾಲು ಹೆಚ್ಚಲಿ ಎಂದು ಸಂಗವ್ವ ಅಳವಿ ಬೀಜದ ಪಾಯಸ ಮಾಡಿ ಮಾಡಿ ಮಗಳಿಗೆ ತಿನ್ನಿಸಿದಳು. ಕೂಸು ಅತ್ತಾಗಲೆಲ್ಲ ಮುರುಗೆಪ್ಪ ಪಡಸಾಲೆಯಿಂದ ಎದ್ದು ಹೊರಗೆ ಹೋಗುತ್ತಿದ್ದ. ಹುಟ್ಟಿದಂದಿನಿಂದ ಒಂದು ವಸ್ತ್ರ ಹಿಂಡದವನು ಈಗ ತನ್ನ ಧೋತರ ತಾನೇ ಒಗೆದುಕೊಳ್ಳುತ್ತಿದ್ದ. ಸಾಯೂದು ತಪ್ಪಿದ ಮ್ಯಾಲೆ ನಿಮ್ಮಪ್ಪಗ ಬುದ್ಧಿ ಬಂತು ಎಂದು ಸಂಗವ್ವ ನಗುತ್ತಿದ್ದಳು. ಭಾಗ್ಯಶ್ರೀಗೆ ಮಾತ್ರ ನಗು ಬರಲಿಲ್ಲ. ಅಪ್ಪನ ಮುಖ ಗುಣವಾದವನ ಮುಖದಂತೆ ಇರಲಿಲ್ಲ.

ಕೊನೆಗೆ ಕೂಸಿನ ಲಸಿಕೆಯ ನೆಪ ಮಾಡಿ, ಅವಳಿನಗರಗಳ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಅಪ್ಪನ ಡಾಕ್ಟರನ್ನು ಕಂಡಳು. ಡಾಕ್ಟರ್ ಋತುಜಾ ಅವಳಿಗಿಂತ ತುಸು ದೊಡ್ಡವಳು, ಅವಸರ ಮಾಡದೆ ಮಾತು ಕೇಳುವವಳು. ಭಾಗ್ಯಶ್ರೀ ಬಟ್ಟಲಿನ ವಿಷಯವನ್ನೂ ಮುಚ್ಚಿಡದೆ ಹೇಳಿದಳು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಆ ಸಂಶೋಧನೆ ಸುಳ್ಳಲ್ಲ, ಆದರೆ ಅಲ್ಲಿ ಯಾರೂ ಹಾಲು ಕುಡಿಸಿಲ್ಲ ಎಂದಳು. ಪ್ರೋಟೀನನ್ನು ಬೇರೆಮಾಡಿ, ಔಷಧವಾಗಿ ಸಿದ್ಧಮಾಡಿ, ನಳಿಕೆಯಿಂದ ನೇರ ಮೂತ್ರಕೋಶಕ್ಕೇ ಬಿಡುತ್ತಾರೆ. ಅದೂ ಇನ್ನೂ ಪರೀಕ್ಷೆಯಲ್ಲಿದೆ. ಬಾಯಿಂದ ಕುಡಿದ ಹಾಲು ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಗಡ್ಡೆ ತೆಗೆದ ಮೇಲೆ ಬೇಕಾದರೆ ಕ್ಷಯದ ಲಸಿಕೆಯ ಮದ್ದನ್ನು ಮೂತ್ರಕೋಶದೊಳಗೆ ಬಿಟ್ಟು, ಮೈಯ ಕಾವಲುಪಡೆಯನ್ನೇ ಉಳಿದ ಕಣಗಳ ಮೇಲೆ ಎಬ್ಬಿಸುವ ಚಿಕಿತ್ಸೆ ತನ್ನ ಬಳಿಯೂ ಇದೆ. ಆದರೆ ಮೊದಲು ಗಡ್ಡೆ ಹೊರಗೆ ಬರಬೇಕು.

"ಈ ರೋಗದ ರಕ್ತ ಬರ್ತದ, ತಾನ ನಿಲ್ತದ, ಮತ್ತ ಬರ್ತದ," ಎಂದಳು ಡಾಕ್ಟರು. "ನಿಂತದ ಅಂದ್ರ ಗಡ್ಡಿ ಹೋಗೇದ ಅಂತ ಅಲ್ಲ. ಒಳಗ ಅದು ಬೇರು ಇಳಸ್ಲಿಕ್ಕತ್ತಿರ್ತದ. ಲಗೂ ಕರ್ಕೊಂಡ ಬರ್ರಿ. ಚಳಿಜ್ವರ ಬಂತಂದ್ರ ಸೋಂಕು ಹತ್ತೇದ ಅಂತ ತಿಳ್ಕೊಂಡು, ಒಂದು ಗಳಿಗಿನೂ ತಡಾ ಮಾಡಬ್ಯಾಡ್ರಿ."

ಮನೆಗೆ ಬಂದು ಅಪ್ಪನ ಮುಂದೆ ಕೂತು, ಹಾಲಿನ ಮಾತೊಂದು ಬಿಟ್ಟು ಉಳಿದದ್ದೆಲ್ಲ ಹೇಳಿದಳು. ಮುರುಗೆಪ್ಪ ನೆಲ ನೋಡುತ್ತ ಕೇಳಿಸಿಕೊಂಡ, ರಕ್ತ ನಿಂತ ಮೇಲೆ ಯಾಕೆ ಕೆದಕುವುದು ಎಂದು ಎದ್ದುಹೋದ. ಅಡಿಗೆಮನೆಯಲ್ಲಿ ಅವ್ವನಿಗೆ ಹೇಳಿದರೆ ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಕರಗುತ್ತಿರುವುದನ್ನು ಕೊಯ್ಯುವುದು ಯಾವ ಶಾಣೇತನ, ಡಾಕ್ಟರರಿಗೆ ಕೈ ಸುಮ್ಮನಿರುವುದಿಲ್ಲ ಎಂದಳು. ಬಟ್ಟಲು ನಿಲ್ಲಿಸಿ ನೋಡು, ನಾಳೆ ರಕ್ತ ಬಂದರೆ ಆ ಪಾಪ ನಿನಗೇ ಎಂದಳು.

ಆ ಮಾತು ಭಾಗ್ಯಶ್ರೀಯನ್ನು ಕಟ್ಟಿಹಾಕಿತು. ಹಾಲಿನಿಂದ ಏನೂ ಆಗದು ಎಂದು ಅವಳಿಗೆ ಈಗ ಚೆನ್ನಾಗಿ ಗೊತ್ತು. ಮಕ್ಕಳಿಗೆ ಜೀರ್ಣಕ್ರಿಯೆಯ ಪಾಠ ಮಾಡಿದವಳು. ಆದರೂ ನಾಳೆ ನಿಲ್ಲಿಸಿ, ನಾಡಿದ್ದು ರಕ್ತ ಕಂಡರೆ? ನಂಬಿಕೆ ಹೋಗಿತ್ತು, ಹೆದರಿಕೆ ಹೋಗಿರಲಿಲ್ಲ. ದಿನವೂ ಬೆಳಿಗ್ಗೆ ನಾಚಿಕೊಂಡು, ಕೂಸಿನ ಕಡೆ ಬೆನ್ನು ಮಾಡಿ ಕೂತು, ಬಟ್ಟಲು ತುಂಬಿಸಿದಳು.

ಒಂದು ಮಧ್ಯಾಹ್ನ ಸಂಗವ್ವ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಅಂಗಡಿಯಿಂದ ಹೊತ್ತಿಲ್ಲದ ಹೊತ್ತಿನಲ್ಲಿ ಬಂದ ಮುರುಗೆಪ್ಪ ಕೌದಿ ಹೊದ್ದು ಮಲಗಿದ. ಬಿರುಬಿಸಿಲಿನಲ್ಲಿ ಅವನ ಹಲ್ಲು ಕಟಕಟ ಅನ್ನುತ್ತಿದ್ದವು, ಮಂಚವೇ ಅಲುಗುತ್ತಿತ್ತು. ಭಾಗ್ಯಶ್ರೀ ಹಣೆ ಮುಟ್ಟಿ ಕೈ ಹಿಂದೆಗೆದಳು, ಅಷ್ಟು ಸುಡುತ್ತಿತ್ತು. ಅವಳು ಆಟೋದವನಿಗೆ ಫೋನು ಹಚ್ಚುವಷ್ಟರಲ್ಲಿ ಅವನು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದ, ಹೋದವನು ಬರಲಿಲ್ಲ. ಕರೆದರೆ ದನಿಯಿಲ್ಲ. ಅಗುಳಿ ಹಾಕಿರಲಿಲ್ಲ. ಬಾಗಿಲು ದೂಡಿದರೆ, ಅಪ್ಪ ನಲ್ಲಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ, ನೆಲವೆಲ್ಲ ಕೆಂಪಾಗಿತ್ತು. ಚೊಂಬು ತುಂಬಿಸಿ ಅದರ ಮೇಲೆ ನೀರು ಹಾಕಲು ನೋಡುತ್ತಿದ್ದ.

ಬೆಳಿಗ್ಗೆ ಹಾಲು ಸ್ವಲ್ಪ ಕಡಿಮೆ ಬಂದಿತ್ತು, ಭಾಗ್ಯಶ್ರೀಗೆ ಮೊದಲು ನೆನಪಾದದ್ದು ಅದೇ.

"ಯಪ್ಪಾ, ಇವತ್ತ ಶುರು ಆತಾ?"

"ನಿಂತಿದ್ದ ಇಲ್ಲವ್ವಾ," ಎಂದ ಮುರುಗೆಪ್ಪ. "ಒಂದಿನಾನೂ ನಿಂತಿಲ್ಲ."

ಧಾರವಾಡ ಮುಟ್ಟುವ ತನಕ ಆಟೋದಲ್ಲಿ ಅವಳು ಅವನನ್ನು ಒರಗಿಸಿ ಹಿಡಿದುಕೊಂಡಳು. ತೊಡೆಯ ಮೇಲೆ ಕೂಸು, ಹೆಗಲ ಮೇಲೆ ಅಪ್ಪನ ಸುಡುವ ತಲೆ. ಅಪ್ಪ ಇಲ್ಲೇ, ಈ ರಸ್ತೆಯ ಮೇಲೇ ಹೋಗಿಬಿಡುತ್ತಾನೆ ಎಂದು ಅವಳು ನಡುಗಿದಳು. ಡಾಕ್ಟರ್ ಋತುಜಾ ಮಂಚದ ಬಳಿಯೇ ನಿಂತು ಸಲಾಯಿನ್ ಹಚ್ಚಿಸಿದಳು. ಸೋಂಕು ಮೇಲೇರಿ ಕಿಡ್ನಿಗೂ ಹತ್ತಿದೆ, ಈ ನಡುಕ, ಈ ಜ್ವರ ಎಂದರೆ ಮೈಯ ಕಾವಲುಪಡೆ ಒಳಗೆ ಹೊಡೆದಾಡುತ್ತಿದೆ, ಔಷಧ ಕೊಟ್ಟು ಅದಕ್ಕೆ ಬಲ ತುಂಬಬೇಕು ಎಂದಳು. ಜ್ವರ ಇಳಿದ ಕೂಡಲೇ ಗಡ್ಡೆ ತೆಗೆಯುವುದು. ಇಷ್ಟು ದಿನದಲ್ಲಿ ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ತೆಗೆದ ಮೇಲೆಯೇ ಹೇಳಲಾದೀತು, ಈಗ ಸುಳ್ಳು ಧೈರ್ಯ ಕೊಡಲಾರೆ ಎಂದಳು.

ಸಂಗವ್ವ ಹಿಟ್ಟು ಹತ್ತಿದ ಸೀರೆಯಲ್ಲೇ ಓಡಿಬಂದಳು. ರಕ್ತ ನಿಂತೇ ಇರಲಿಲ್ಲ ಎಂದು ಮಗಳು ಹೇಳಿದ್ದೇ, ಯಾಕೆ ಸುಳ್ಳು ಹೇಳಿದಿರಿ ಎಂದು ಮಂಚದ ಕಂಬಿ ಹಿಡಿದು ಕೇಳಿದಳು. ಮುರುಗೆಪ್ಪ ಕಣ್ಣು ಮುಚ್ಚಿಕೊಂಡ. ಆಪರೇಷನ್ ತಪ್ಪಿತಲ್ಲ ಎಂದು ಒಳಗೊಳಗೆ ಹಾಯೆನಿಸಿದ್ದೂ ಖರೆ, ಆ ದುರ್ಬೀನು ನೆನೆದರೆ ಈಗಲೂ ಕೈಕಾಲು ಬಿದ್ದುಹೋಗುತ್ತವೆ ಎಂದು ಮೆಲ್ಲಗೆ ಒಪ್ಪಿಕೊಂಡ. ಆಮೇಲೆ ಮಗಳ ಕಡೆ ತಿರುಗಿದ.

"ಮೊದಲನೇ ದಿನಾನ ಗೊತ್ತಾತವ್ವಾ. ಮೂಸಿ ನೋಡಿ ಕಾಳು ಯಾವ ಊರಿಂದು ಅಂತ ಹೇಳಾಂವ ನಾ, ಹಾಲು ಯಾರದು ಅಂತ ತಿಳೀದೇನು? ಒಂದೊಂದು ಗುಟುಕೂ ಗಂಟಲದಾಗ ನಿಲ್ಲತಿತ್ತು. ನಿಮ್ಮ ಮುಖಾ ನೋಡಿ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ರಕ್ತ ನಿಂತೈತಿ ಅಂದ್ರ ಕೂಸಿನ ಹಾಲು ತಗಿಯೂದು ಬಿಡತೀರಿ ಅಂತ ತಿಳಕೊಂಡೆ." ಅವನು ಉಸಿರು ತೆಗೆದುಕೊಂಡ. "ನೀವು ಬಟ್ಟಲಾನ ದೊಡ್ಡದು ಮಾಡಿದ್ರಿ."

ಸಂಗವ್ವ ಅಲ್ಲೇ ನೆಲದ ಮೇಲೆ ಕೂತಳು. ಭಾಗ್ಯಶ್ರೀಗೆ ಅಪ್ಪನ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು, ಎರಡೂ ಸೇರಿ ಅಳುವಾಗಿ ಉಕ್ಕಿತು. ಅವಳು ಅತ್ತಿದ್ದಕ್ಕೆ ಮಡಿಲಲ್ಲಿದ್ದ ಕೂಸು ಎಚ್ಚತ್ತು ಬಾಯಿ ಚಪ್ಪರಿಸಿ ಹುಡುಕತೊಡಗಿತು.

"ಮೊದಲ ಅದಕ್ಕ ಕುಡಸು," ಎಂದ ಮುರುಗೆಪ್ಪ. "ಹೊಟ್ಟಿ ತುಂಬ ಕುಡಸು. ಆಮ್ಯಾಲೆ ಅಳುವಿಯಂತ."